ಇಂಟರ್‌ವ್ಯೂದ ದಿನ ಬಂದ ಉಡಿ

ನನ್ನ ತಮ್ಮನ ಮಗಳು ಕುಂದಗೋಳದ ಕೋರ್ಟಿನಲ್ಲಿ ವಕೀಲಿ ಮಾಡುತ್ತಾಳೆ. ಕಾನೂನಿನಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ಸಿನಾಪ್ಸಿಸ್ ಹಿಡಿದುಕೊಂಡು ನನ್ನ ಮನೆಗೆ ಬಂದಳು.

"ಅತ್ತಿ, ನಿನ್ನ ಕಾನ್ವೆಂಟ್ ಇಂಗ್ಲಿಷಿಗೆ ಜಂಗ ಹಿಡದೈತೇನು ನೋಡೂಣು."

ಕನ್ನಡಕ ಏರಿಸಿ ಗ್ರಾಮರ್ ತಿದ್ದುತ್ತ ಕೂತೆ. ನಮ್ಮ ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ್ದು ಇಷ್ಟು ವರ್ಷದ ಮೇಲೆ ಯಾರಿಗೋ ಬೇಕಾಗಿತ್ತು. ಹೌ ಲವ್ಲಿ ಅನಿಸಿತ್ತು. ವಿಷಯದ ಕಡೆ ಲಕ್ಷ್ಯ ಹೋದದ್ದು ಆಮೇಲೆ. ತವರಿನ ಹೊಲದಲ್ಲಿ ತಮಗಿರುವ ಪಾಲನ್ನು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಯಾಕೆ ಬರೆದುಕೊಡುತ್ತಾರೆ ಎಂಬುದು ಅವಳ ಪ್ರಶ್ನೆ.

ನಮ್ಮ ಮನೆತನದಲ್ಲಿ ಪಾಲು ಬಿಟ್ಟ ಕಾಗದಕ್ಕೆ ಸಹಿ ಮಾಡು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಉಡಿ ತುಂಬತೇವಿ, ಬಾ" ಎನ್ನುತ್ತಾರೆ. ಮುಂಜಾನೆ ರಿಜಿಸ್ಟ್ರಾರ್ ಕಚೇರಿ, ಮಧ್ಯಾಹ್ನ ಹೋಳಿಗೆ, ಸಂಜೆ ಉಡಿಯಲ್ಲಿ ಸೀರೆ, ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು. ನಾನೂ ಹಾಗೆ ತುಂಬಿಸಿಕೊಂಡು ಬಂದವಳೇ.

ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಅವಳು ನಮ್ಮೂರಿಗೆ ಹೋಗಿ ಮಾತಾಡಿಸಿದಳು. ಮೊದಲ ದಿನ ಮನೆಮನೆಯಲ್ಲೂ ಶೇಂಗಾ ಉಂಡಿ, ಚಹಾ. ಅವಳ ಪ್ರಶ್ನೆ ಏನೆಂದು ಊರಿಗೆಲ್ಲ ತಿಳಿದ ಮೇಲೆ, ಮರುದಿನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಅಲ್ಲೇ ಇರುವ ತಮ್ಮ ಮಾತ್ರ ನಗುತ್ತಲೇ ಅವಳ ಕೈಗೆ ಉಂಡಿಯ ಡಬ್ಬಿ ಕೊಟ್ಟು ಕಳಿಸಿದ. ಅದೇ ನನಗೆ ಸರಿಬರಲಿಲ್ಲ.

ಎಂಟ್ರೆನ್ಸ್ ಪಾಸಾದಳು. ಇಂಟರ್‌ವ್ಯೂದ ಹಿಂದಿನ ದಿನ ತಮ್ಮನ ಫೋನು ಬಂತು.

"ಅಕ್ಕಾ, ನಾಳಿ ನನ್ನ ಮಗಳಿಗೆ ಉಡಿ ತುಂಬತೇವಿ."

"ನಾಳಿ ಅಕಿ ಇಂಟರ್‌ವ್ಯೂ ಐತಲ್ಲೋ ತಮ್ಮಾ."

"ಗೊತ್ತೈತಿ. ಅದಕ್ಕ ನಾಳೆನ."

ಮರುದಿನ ಮುಂಜಾನೆ ಅವಳು ನನಗೆ ಹೇಳಿ ಹೋಗಲು ಬಂದಿದ್ದಳು. ಹೊರಗೆ ಕಾರು ನಿಂತ ಸಪ್ಪಳ. ತಮ್ಮ ಒಳಗೆ ಬಂದು ಕೂತ, ಸೀರೆಯ ಚೀಲ ತೊಡೆಯ ಮೇಲಿಟ್ಟುಕೊಂಡು. ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಅಕ್ಕನ ಮನೆಯಲ್ಲಿ ಎಂದೂ ಹಾಗೆ ಮಾಡಿದವನಲ್ಲ.

"ಹತ್ತ ಮಿನಿಟಿನ ಕೆಲಸ," ಎಂದ ಮಗಳಿಗೆ. "ರಿಜಿಸ್ಟ್ರಾರ್ ಕಚೇರ್ಯಾಗ ನಿನ್ನ ಪಾಲು ಬಿಟ್ಟ ಕಾಗದಕ್ಕ ಸಹಿ ಮಾಡು. ನಾನ ಕಾರಿನ್ಯಾಗ ಯೂನಿವರ್ಸಿಟಿಗೆ ಬಿಡ್ತೀನಿ. ಆಮ್ಯಾಲೆ ಏನರ ಬರಕೋ."

"ಅಲ್ಲಿ ಅವರು, ನೀ ಯಾಕ ಬಿಟ್ಟುಕೊಟ್ಟಿ ಅಂತ ಕೇಳಿದ್ರ ಏನ ಹೇಳ್ಲಿ, ಅಪ್ಪಾ?"

"ಪ್ರೀತಿಲೆ ಬಿಟ್ಟೆ ಅನ್ನು. ಎಲ್ಲಾರೂ ಹಂಗ ಹೇಳ್ತಾರ."

ಧ್ವನಿ ತೀರ ಮೆತ್ತಗಿತ್ತು. ಅವಳು ಫೈಲು ಎತ್ತಿಕೊಂಡಳು. "ಬಸ್ಸಿಗೆ ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿದಳು. ಅವನು ತಡೆಯಲಿಲ್ಲ. ಅವಳು ಓಣಿ ತಿರುಗುವ ತನಕ ನೋಡುತ್ತ ಕೂತಿದ್ದು, ಸೀರೆಯ ಚೀಲದೊಂದಿಗೆ ಎದ್ದ.

"ಇನ್ನ ನಮ್ಮೂರಾಗ ಅಕಿಗೆ ನೀರು ಸುದ್ದಾ ಯಾರೂ ಕೊಡೂದಿಲ್ಲ, ಅಕ್ಕಾ. ಅದನ್ನ ನಾ ಯಾರಿಗೂ ಹೇಳೂದೂ ಬ್ಯಾಡ."

ಸಂಜೆ ಅವಳ ಫೋನು. "ಸೆಲೆಕ್ಟ್ ಆತು, ಅತ್ತಿ!"

"ಕಂಗ್ರಾಟ್ಸ್, ಡಾರ್ಲಿಂಗ್" ಅಂದೆ. "ಏನೇನ ಕೇಳಿದ್ರು?"

"ಫೀಲ್ಡ್‌ವರ್ಕ್ ಎಲ್ಲಿ ಮಾಡ್ತಿ ಅಂದ್ರು. ನಮ್ಮೂರ ಹೆಸರು ಹೇಳೀನಿ. ಮುಂದಿನ ವಾರನ ಶುರು."