ಮೀನಿಗೆ ಬೈಯುತ್ತಿದ್ದ ಜಲಜಕ್ಕ

ಗಾಳ ಹಾಕಿದವರು ಬಾಯಿ ಮುಚ್ಚಿ ಕೂರಬೇಕು ಎನ್ನುತ್ತಾರೆ. ಜಲಜಕ್ಕ ಮೀನಿಗೆ ಬೈಯುತ್ತಿದ್ದರು. "ಬರ್ತೀಯಾ ಇಲ್ವಾ? ನೋಡಿಕೊಂಡು ಕೂತದ್ದು ಎಂತಕ್ಕೆ? ನನಗೆ ಬೇರೆ ಕೆಲಸ ಇಲ್ಲ ಅಂತ ಮಾಡಿದ್ದೀಯಾ?" ಕಾಪುವಿನ ಕಡಲ ಬದಿಯಲ್ಲಿ ನಲವತ್ತು ವರ್ಷ ಬಂಗುಡೆ, ಬೂತಾಯಿ ಮೀನು ಮಾರಿದ ಗಂಟಲು ಅದು, ಕೆರೆಯ ಆಚೆ ದಡದ ಕೊಕ್ಕರೆಯೂ ಒಮ್ಮೆ ತಲೆ ಎತ್ತುತ್ತಿತ್ತು. ಆದರೂ ಎಲ್ಲರಿಗಿಂತ ಮೊದಲು ಮೀನು ಕಚ್ಚುತ್ತಿದ್ದದ್ದು ಅವರ ಗಾಳಕ್ಕೇ. ಹೀಗೆಂದು ನನ್ನ ನೆನಪು. ನನ್ನ ನೆನಪನ್ನು ಎಷ್ಟು ನಂಬಬಹುದು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಹೊರುವುದನ್ನು ಬಿಟ್ಟು, ಅಲೆವೂರು ಕಡೆ ಇರುವ ಮಗಳ ಮನೆಗೆ ಬಂದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕೆರೆ ಅವರಿಗೆ ಹತ್ತಿರ. ಕೆರೆಯ ಮೀನನ್ನು ಅವರು ತಿನ್ನುತ್ತಿರಲಿಲ್ಲ. "ಛೀ, ಕೆಸರಿನ ವಾಸನೆ. ಇದು ಮೀನಾ? ಹೊತ್ತು ಹೋಗಬೇಕಲ್ಲ ಮಾಷ್ಟ್ರೆ, ಅದಕ್ಕೆ ಹಿಡಿಯುವುದು." ಪಾಠ ಹೇಳುವ ಕೆಲಸದವನಾದ್ದರಿಂದ ನಾನು ಅವರಿಗೆ ಮಾಷ್ಟ್ರು.

ಬೇಸಿಗೆ ರಜೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಅವರ ಹಿಂದೆ. ಬಿದಿರಿನ ಕೋಲು, ನೈಲಾನ್ ದಾರ, ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ತೇಲುವ ತುಂಡು, ತೆಂಗಿನ ಗೆರಟೆಯಲ್ಲಿ ಎರೆಹುಳ. ಅವರದು ಒಂದೇ ಕಟ್ಟಳೆ: ಹಿಡಿದ ಮಗುವೇ ಮೀನನ್ನು ಸ್ವಚ್ಛ ಮಾಡಬೇಕು. ಒಂಬತ್ತು ವರ್ಷದ ನನ್ನ ಮಗಳು ಇಳಾ ಮುಖ ಸಿಂಡರಿಸಿದಾಗ, "ಹಿಡಿಯಲಿಕ್ಕೆ ನೀನು, ಹೆರೆಯಲಿಕ್ಕೆ ಅಮ್ಮನಾ? ನಿನ್ನ ಅಮ್ಮ ಎಂತ, ಕೆಲಸಕ್ಕೆ ಬಂದವರಾ?" ಎಂದು ಕೈಗೆ ಚಾಕು ಕೊಟ್ಟರು. ಎರಡನೇ ಮಹಡಿಯ ತಾಯಿಯೊಬ್ಬರು ಚಾಕುವಿನ ಬಗ್ಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಕ್ಷೇಪ ಹಾಕಿದರು. ಜಲಜಕ್ಕನ ಬಳಿ ವಾಟ್ಸ್ಆ್ಯಪ್ ಇರಲಿಲ್ಲ. ಇಳಾ ಬೆರಳು ಕೊಯ್ದುಕೊಳ್ಳಲೂ ಇಲ್ಲ.

ಆ ವರ್ಷ ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ನಾನೂ ಹೋಗಿದ್ದೆ. ಆನ್‌ಲೈನಿನಲ್ಲಿ ತರಿಸಿದ ರೀಲ್, ಗಾಳ ಸಿಕ್ಕಿಸಿದ ಪ್ಲಾಸ್ಟಿಕ್ ಕಪ್ಪೆ ಎಲ್ಲ ನನ್ನಲ್ಲಿತ್ತು. ತಾವರೆ ಎಲೆಗಳ ನಡುವೆ ನೀರಿನ ಮೇಲೆ ಒಂದು ತಟ್ಟೆಯಗಲದ ಕೆಂಪು, ಕುದಿಯುವಂತೆ ಅಲುಗುತ್ತಿತ್ತು. ಕೊರವ ಮೀನಿನ ಮರಿಗಳು, ನೂರಾರು. ಕೆಳಗೆ ಹಾವಿನ ತಲೆಯ ದೊಡ್ಡ ಮೀನು ಕಾವಲಿರುತ್ತದೆ ಎಂದು ವಿಡಿಯೋದಲ್ಲಿ ನೋಡಿದ್ದೆ. ಗುರಿಯಿಟ್ಟು ಕಪ್ಪೆಯನ್ನು ಆ ಕೆಂಪಿನ ಮೇಲೇ ಎಸೆದೆ. ಎಸೆದ ಕೂಡಲೇ ದೊಡ್ಡ ಮೀನು ಕಚ್ಚಿತು. ಎಳೆದು ದಡಕ್ಕೆ ಹಾಕಿ, ಫೋಟೋ ತೆಗೆ ಎಂದು ಇಳಾಳ ಕೈಗೆ ಮೊಬೈಲ್ ಕೊಡುವಷ್ಟರಲ್ಲಿ ಜಲಜಕ್ಕ ಕುಂಟುತ್ತಲೇ ಬಂದರು.

"ನಿಮಗೆ ಕಣ್ಣು ಕಾಣುವುದಿಲ್ವಾ ಮಾಷ್ಟ್ರೆ? ಅದಕ್ಕೆ ಹಸಿವೆಯಾಗಿ ಕಚ್ಚಿದ್ದಾ? ಸಿಟ್ಟು ಬಂದು ಕಚ್ಚಿದ್ದು! ಮಕ್ಕಳ ಮೈಮೇಲೆ ಬಿದ್ದರೆ ನೀವು ಸುಮ್ಮನಿರ್ತೀರಾ? ಇಷ್ಟು ಓದಿ ಎಂತ ಮಾಡಿದ್ದು ನೀವು?"

ಮೀನಿನ ಬಾಯಿಂದ ಗಾಳ ಬಿಡಿಸಿ, ನೀರಿಗಿಳಿದು, ಅದು ತಾನಾಗಿ ಬಾಲ ಬೀಸುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಹತ್ತು ಮಕ್ಕಳು ನನ್ನನ್ನು ನೋಡುತ್ತಿದ್ದರು. ಆ ದಿನದ ಡೈರಿಯಲ್ಲಿ "ನಕ್ಕು, ತಪ್ಪಾಯಿತು ಎಂದೆ" ಎಂದು ಬರೆದಿದ್ದೇನೆ. ಇಳಾ ಹೇಳುತ್ತಾಳೆ: "ಸುಳ್ಳು. ನೀನು ಮುಖ ಊದಿಸಿಕೊಂಡು ಒಬ್ಬನೇ ಮನೆಗೆ ಹೋದೆ." ಅವಳು ಹೇಳಿದ್ದೇ ನಿಜವಿರಬೇಕು.

ಅದೇ ವಾರ ಕೆರೆಗೆ ಪಂಪು ಬಂತು. ನೀರು ಖಾಲಿ ಮಾಡಿ, ಸುತ್ತ ಕಲ್ಲು ಕಟ್ಟಿ, ನಡೆಯುವ ದಾರಿ ಮಾಡುವುದು. ಅದಕ್ಕೆ 'ಅಭಿವೃದ್ಧಿ' ಎಂದು ಹೆಸರು. ಜಲಜಕ್ಕ ಮೊದಲ ಬಾರಿಗೆ ನಮ್ಮ ಮನೆಯ ಬೆಲ್ ಒತ್ತಿದರು. ಒಳಗೆ ಬರಲಿಲ್ಲ.

"ಹತ್ತು ದಿನ ನಿಲ್ಲಿಸಲಿಕ್ಕೆ ಹೇಳಿ ಮಾಷ್ಟ್ರೆ. ಇಲ್ಲದಿದ್ದರೆ ಒಂದು ಬೆಳಿಗ್ಗೆ ನಮಗೆ ಬಿಡಲಿ. ಮಕ್ಕಳು ಬಕೆಟ್ ತರ್ತಾರೆ, ಮರಿಗಳನ್ನು ಕೆಳಗೆ ಹರಿಯುವ ತೋಡಿಗೆ ಬಿಡುವ. ನೀವು ಹೇಳಿದರೆ ಕೇಳ್ತಾರೆ."

ಕೆಲಸದ ಉಸ್ತುವಾರಿ ನೋಡುತ್ತಿದ್ದ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಕಾರ್ಯದರ್ಶಿಗೆ ನಾನು ಫೋನ್ ಮಾಡಿದೆ. "ಮೀನಿನ ಮರಿಗೋಸ್ಕರ ಕೆಲಸ ನಿಲ್ಲಿಸುವುದಾ ಸರ್? ಒಳ್ಳೆ ತಮಾಷೆ!" ಎಂದರು. "ಇಲ್ಲ ಇಲ್ಲ, ಸುಮ್ಮನೆ ಕೇಳಿದೆ" ಎಂದೆ. ಇದು ಮಾತ್ರ ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. ನಾಚಿಕೆಗೆ ಮರೆವು ಕಡಿಮೆ ಎಂದು ಕಾಣುತ್ತದೆ.

ಮರುದಿನ ಬೆಳಿಗ್ಗೆ ಜಲಜಕ್ಕ ನನ್ನ ಉತ್ತರಕ್ಕೆ ಕಾಯಲಿಲ್ಲ. ಬಕೆಟ್ ಹಿಡಿದ ಮಕ್ಕಳನ್ನು ಕರೆದುಕೊಂಡು, ಕೆರೆಗೆ ಹಾಕಿದ್ದ ಹೊಸ ತಗಡಿನ ಗೇಟಿಗೆ ಹೋದರು. ಗಲಾಟೆ ಕೇಳಿ ನಾನು ಓಡಿದೆ. ವಾಚ್‌ಮನ್ ಬಿಡುತ್ತಿಲ್ಲ. ಜಲಜಕ್ಕನ ಗಂಟಲು ಏರಿತ್ತು: "ನಿನ್ನ ಅಜ್ಜ ತೋಡಿದ ಕೆರೆಯಾ ಇದು? ತೆಗಿ ಬಾಗಿಲು!" ಆಗ ಕಾರ್ಯದರ್ಶಿ ಒಂದು ಕಾಗದ ತಂದು ಹಿಡಿದರು. "ನಾವು ಸುಮ್ಮನೆ ನಿಲ್ಲಿಸಿದ್ದಲ್ಲ ಅಮ್ಮ. ಹೊರಗಿನವರು ಮೀನು ಹಿಡಿಯಬಾರದು, ಮಕ್ಕಳನ್ನು ನೀರಿನ ಹತ್ತಿರ ಕರಕೊಂಡು ಹೋಗಬಾರದು ಅಂತ ಎಲ್ಲರೂ ಬರೆದುಕೊಟ್ಟಿದ್ದಾರೆ. ನೋಡಿ, ನಿಮ್ಮ ಮಾಷ್ಟ್ರದ್ದೂ ಸಹಿ ಉಂಟು."

ಇತ್ತು. ಎರಡು ತಿಂಗಳ ಹಿಂದೆ ಲಿಫ್ಟಿನ ಬಳಿ ಯಾರೋ ಕೊಟ್ಟ ಕಾಗದಕ್ಕೆ ಹಾಕಿದ್ದೆ. ಮೊದಲ ಪುಟದಲ್ಲಿದ್ದ ದಾರಿದೀಪದ ವಿಷಯ ಮಾತ್ರ ಓದಿದ್ದೆ ಎಂದು ನನ್ನ ನೆನಪು. ಆ ನೆನಪು ನನಗೆ ತೀರಾ ಅನುಕೂಲವಾಗಿದೆ. ಅದಕ್ಕೇ ಅದನ್ನು ನಂಬಲಾರೆ.

ಜಲಜಕ್ಕ ಕಾಗದವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಇಳಾಳ ತಲೆ ಮುಟ್ಟಿ, "ನಡಿ ಮಗಾ, ಬಿಸಿಲು" ಎಂದು ಖಾಲಿ ಬಕೆಟ್ ಎತ್ತಿಕೊಂಡರು.

ಮೂರನೇ ದಿನ ಕೆಸರಿನ ಮೇಲೆ ಆ ಕೆಂಪು ಒಣಗಿ ಅಂಟಿಕೊಂಡಿತ್ತು. ಪಕ್ಕದಲ್ಲೇ ದೊಡ್ಡ ಮೀನೂ ಬಿದ್ದಿತ್ತು. ಕೊರವ ಕೆಸರಿನ ಮೇಲೂ ತೆವಳಬಲ್ಲ ಮೀನು, ಓಡಿಹೋಗಲು ಅದಕ್ಕೆ ಬೇಕಾದಷ್ಟು ಸಮಯವಿತ್ತು. ನನ್ನ ಡೈರಿಯಲ್ಲಿ ಆ ದಿನ ಬರೆದದ್ದು ಇಷ್ಟು: "ಸೆಕೆ. ಮಧ್ಯಾಹ್ನ ಕರೆಂಟ್ ಇರಲಿಲ್ಲ."

ಈಗ ಕೆರೆಗೆ ನಾಲ್ಕೂ ಕಡೆ ಕಲ್ಲಿನ ಗೋಡೆ. ಮೊಟ್ಟೆಯಿಡಲು ಹುಲ್ಲಿಲ್ಲ, ಕೆಸರಿಲ್ಲ. 'ಜಲಚರಗಳನ್ನು ಪ್ರೀತಿಸಿ' ಎಂಬ ಫಲಕವಿದೆ. ಅದರ ಮೇಲೆ ಡಾಲ್ಫಿನ್ ಚಿತ್ರ! ಅಲೆವೂರಿನ ಕೆರೆಯಲ್ಲಿ ಡಾಲ್ಫಿನ್! ಅದನ್ನು ಬರೆಸಿದವರ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಉರಿದುಕೊಂಡೇ ದಿನಾ ಸಂಜೆ ಆ ದಾರಿಯಲ್ಲಿ ನಾಲ್ಕು ಸುತ್ತು ನಡೆಯುವವನೂ ನಾನೇ. ಇಳಾ ಬರುವುದಿಲ್ಲ.

ಆ ಮಳೆಗಾಲದಲ್ಲೇ ಜಲಜಕ್ಕ ಕಾಪುವಿಗೆ ಮರಳಿದರು. ದಸರಾ ರಜೆಯಲ್ಲಿ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಒಣಮೀನು ಹರಡುತ್ತಿದ್ದರು, ಕಾಗೆಗೆ ಬೈಯುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಕುರ್ಚಿ ತರಿಸಿದರು, ಚಹಾ ಕೊಟ್ಟರು, ಇಳಾ ಎಷ್ಟನೇ ಕ್ಲಾಸು ಎಂದು ಕೇಳಿದರು. ನಾನು ಸಹಿಯ ವಿಷಯ ಎತ್ತಿದೆ. "ಅದೆಲ್ಲ ಎಂತಕ್ಕೆ ಈಗ, ಬಿಡಿ" ಎಂದರು. ಒಮ್ಮೆ ಗಟ್ಟಿಯಾಗಿ ಬೈದಿದ್ದರೆ ಅಲ್ಲೇ ಅವರ ಕಾಲು ಹಿಡಿಯುತ್ತಿದ್ದೆನೋ ಏನೋ.

ಹೊರಟಾಗ ಮೊಣಕಾಲು ನೋವಿದ್ದರೂ ರಸ್ತೆಯವರೆಗೆ ಬಂದರು. ಬಸ್ಸು ಬಂತು. ಕಾಗೆ ಮತ್ತೆ ಅಂಗಳಕ್ಕೆ ಇಳಿದದ್ದು ಅವರಿಗೂ ಕಾಣಿಸಿತು, ಆದರೆ ನಾನು ಹತ್ತುವವರೆಗೆ ಬಾಯಿ ಬಿಡಲಿಲ್ಲ.

"ಜಾಗ್ರತೆ ಹೋಗಿ ಸರ್" ಎಂದರು.