ಬರ್ತೀನಿ ಅಂದದ್ದಕ್ಕೆ ಸಿಕ್ಕ ಗಿಟಾರು

ಗುರುಬಸವ್ವನ ಮುತ್ತಜ್ಜ ಕಲ್ಲಪ್ಪ ರೋಣದ ಕಡೆಯವನು. ಸೋರೆಬುರುಡೆ ಒಣಗಿಸಿ ತಂಬೂರಿ ಕಟ್ಟುವುದು ಅವನ ಕಸಬು. ಬುರುಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರೆ ಸಾಕು, ಇದು ಹಾಡೀತು, ಇದು ಹಾಡಲಿಕ್ಕಿಲ್ಲ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಒಂದು ಮಠಕ್ಕೆ ತಂಬೂರಿ ಕೊಟ್ಟು ಮನೆಗೆ ಬಂದು ಊಟಕ್ಕೆ ಕೂತವನಿಗೆ, ಅದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತೇನೋ ಎಂಬ ಅನುಮಾನ ಹತ್ತಿತು. ತಾಟು ಬಿಟ್ಟೆದ್ದವನು ಹನ್ನೆರಡು ಮೈಲಿ ನಡೆದು ಹೋಗಿ ಅದನ್ನು ತಿರುಗಿ ತಂದ. ಮಠದವರಿಗೆ ಬಿರುಕು ಕಂಡೇ ಇರಲಿಲ್ಲ. ಅವನ ಮಗ ಮಲ್ಲೇಶಪ್ಪ ಕಟ್ಟುವುದಕ್ಕಿಂತ ಹಾಡುವುದರಲ್ಲಿ ಮುಂದು. ಹೊಸ ವಾದ್ಯ ಮನೆಗೆ ಬರುವಾಗ ಬಾರಿಸುವವರ ಹೆಗಲ ಮೇಲೇ ಬರಬೇಕೆಂಬ ರೂಢಿ ಹಾಕಿದವನು ಅವನೇ. ಸುರಿಯುವ ಮಳೆಯಲ್ಲಿ ಗೌಡರ ಚಕ್ಕಡಿ ಪಕ್ಕಕ್ಕೇ ಬಂದು ನಿಂತರೂ ಹತ್ತದೆ, ತಂಬೂರಿಗೆ ಕಂಬಳಿ ಹೊದಿಸಿ ತಾನು ತೋಯಿಸಿಕೊಂಡು ಬಂದವನು. ಮಲ್ಲೇಶಪ್ಪನ ಮಗ ಈರಪ್ಪ ಅಂಚೆ ಹಂಚುವವನಾದ. ಆದರೆ ಅವನ ಚೀಲದಲ್ಲಿ ಕಾಗದಗಳ ಜೊತೆ ಅಂಟಿನ ಡಬ್ಬಿ, ದಾರ, ಬಿದಿರು ಕಡ್ಡಿ ಇದ್ದೇ ಇರುತ್ತಿದ್ದವು. ಯಾರ ಮನೆಯ ತಂಬೂರಿ ಬಾಯಿ ಬಿಟ್ಟಿದ್ದರೂ ಕಟ್ಟೆಯ ಮೇಲೆ ಕೂತು ಕೂಡಿಸಿಕೊಟ್ಟೇ ಮುಂದಿನ ಮನೆಗೆ ಹೋಗುತ್ತಿದ್ದ.

ಈ ಈರಪ್ಪನ ಮಗಳೇ ಗುರುಬಸವ್ವ. ಅವಳಿಗೆ ಈಗ ನಲವತ್ತೊಂಬತ್ತು. ಗಂಡ ರವಿಶಂಕರನ ಎಂಜಿನಿಯರ್ ಕೆಲಸದ ಬೆನ್ನು ಹತ್ತಿ ಡಚ್ಚರ ನಾಡಿನ ಟಿಲ್‌ಬರ್ಗ್‌ಗೆ ಬಂದು ಆರು ವರ್ಷವಾಯಿತು. ಊರ ಹೊರಗಿನ ದೊಡ್ಡ ಗೋದಾಮಿನಲ್ಲಿ ಪಾರ್ಸೆಲ್ ತಪಾಸಣೆ ಅವಳ ಕೆಲಸ. ಡಬ್ಬಿಯನ್ನು ಒಂದು ಸಲ ಅಲುಗಿಸಿ, ಒಂದು ಸಲ ಕುಟ್ಟಿ, ಒಳಗಿನ ಸಾಮಾನು ಒಡೆದಿದೆಯೋ ಇಲ್ಲವೋ ಹೇಳುತ್ತಾಳೆ. ಮೊದಮೊದಲು ನಕ್ಕವರು ಈಗ ಸಂಶಯ ಬಂದ ಡಬ್ಬಿಯನ್ನು ತಾವಾಗಿಯೇ ಅವಳ ಮುಂದೆ ತಂದಿಡುತ್ತಾರೆ.

ಅಪ್ಪನ ತಂಬೂರಿಯನ್ನು ಅವಳು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಬಂದ ವರ್ಷದ ಚಳಿಗಾಲದಲ್ಲಿ ಅದು ಹೀಟರಿನ ಒಣ ಶಾಖ ತಾಳದೆ, ಅಂಟಿಗೂ ಕೂಡದಂತೆ ಅಡ್ಡಡ್ಡ ಸೀಳಿತು. ಮಗಳು ವೈಷ್ಣವಿ ಓದಲು ಎನ್ಸ್‌ಕೆಡೆಗೆ ಹೋದಾಗ ಬಿಟ್ಟುಹೋದ, ಪೆಟ್ಟಿಗೆಯಂಥ ಪೊಳ್ಳು ಮೈಯ ಗಿಟಾರನ್ನು ಎತ್ತಿಕೊಂಡು, ವಿಡಿಯೊ ನೋಡಿ ನೋಡಿ ತಾನೇ ಕೈ ಕೂಡಿಸಿಕೊಂಡಳು. ಅಜ್ಜ ಹಾಡುತ್ತಿದ್ದ ಪದಗಳಿಗೆ ಮೂರು ತಂತಿಯನ್ನು ಷಡ್ಜ ಪಂಚಮಕ್ಕೆ ಹಿಡಿದು ಮೀಟುವುದು, ಅಷ್ಟೇ. ಅಷ್ಟರಲ್ಲಿ ಒಂದು ಜನವರಿಯ ಬೆಳಗ್ಗೆ ಮಂಜುಗಡ್ಡೆಯ ಮೇಲೆ ಸೈಕಲ್ ಜಾರಿ ಬಲ ಹೆಗಲು ಮುರಿಯಿತು. ಕೂಡಿತೇನೋ ನಿಜ, ಆದರೆ ಆ ಡೊಳ್ಳು ಹೊಟ್ಟೆಯ ಗಿಟಾರಿನ ಮೇಲೆ ತೋಳು ಏರದು. ಎಂಟು ತಿಂಗಳು ಅವಳು ಹಾಡಲೇ ಇಲ್ಲ. ಬರಿಗೈಯಲ್ಲಿ ಹಾಡಿದರೆ ಒಬ್ಬಳೇ ಮಾತಾಡಿಕೊಂಡಂತೆ ಆಗುತ್ತದೆ ಎನ್ನುತ್ತಿದ್ದಳು.

ಅರ್ಧ ಟೊಳ್ಳಿನ ಎಲೆಕ್ಟ್ರಿಕ್ ಗಿಟಾರು ಎಂಬುದೊಂದಿದೆ ಎಂದು ಹೇಳಿದವಳು ವೈಷ್ಣವಿ. ಮೈ ತೆಳು, ಎರಡು ಪಕ್ಕೆ ಪೊಳ್ಳು, ನಡುವೆ ಮಾತ್ರ ಗಟ್ಟಿ ದಿಮ್ಮಿ, ಎದೆಯ ಮೇಲೆ ಎರಡು ಸೀಳುಕಿಂಡಿ. ವೈರು ಚುಚ್ಚದಿದ್ದರೂ ಬಾರಿಸುವವರ ಕಿವಿಗೆ ಸಾಲುವಷ್ಟು ನುಡಿಯುತ್ತದೆ. ಹೊಸದು ಕೈಗೆ ಎಟುಕುವಂತಿರಲಿಲ್ಲ. ಹಳೆಯದೊಂದು ನೈಮೆಗನ್‌ನಲ್ಲಿ ಮಾರಾಟಕ್ಕಿದೆ ಎಂದು ಫೋನಿನಲ್ಲಿ ಕಂಡ ಶನಿವಾರವೇ ರೈಲು ಹತ್ತಿದಳು.

ಮಾರುವವನು ಯೋಪ್ ಎಂಬ ಎಪ್ಪತ್ತು ದಾಟಿದ ಮುದುಕ. ಪ್ರಾಯದಲ್ಲಿ ಮದುವೆ ಮನೆಗಳಲ್ಲಿ ಬಾರಿಸಿದವನು. ಈಗ ಬೆರಳಿಗೆ ವಾಯು ಹಿಡಿದಿದೆ. ಕಾಫಿ ಕೊಟ್ಟ, ಅವಳ ಮುರಿದ ಹೆಗಲಿನ ಕಥೆ ಕೇಳಿಸಿಕೊಂಡ, ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದ, ಗಿಟಾರು ಕೈಗಿಟ್ಟ. ಹಳೆ ಬೆಲ್ಲದ ಬಣ್ಣ. ತೋಳು ನೋವಿಲ್ಲದೆ ಅದರ ಮೇಲೆ ಕೂತಿತು. ಗುರುಬಸವ್ವನ ಎದೆ ತುಂಬಿ ಬಂತು. ಆದರೆ ಗೆಣ್ಣು ತನ್ನ ಕೆಲಸ ತಾನು ಮಾಡಿತು. ಬಲ ಪಕ್ಕೆ ಕುಟ್ಟಿದಳು, ಗಣಗಣ. ಎಡ ಪಕ್ಕೆ ಕುಟ್ಟಿದಳು, ಕೆಳಗೊಂದು ಕಡೆ ಸದ್ದು ಸತ್ತಿತ್ತು. ಒಳಗೆಲ್ಲೋ ಅಂಟು ಬಿಟ್ಟಿದೆ. ಮುದುಕನ ಮುಖ ನೋಡಿದಳು, ಹೇಳಲು ಬಾಯಿ ಬರಲಿಲ್ಲ. ವಿಚಾರ ಮಾಡಿದರಾಯಿತು ಎಂದು ಎದ್ದು, ಬಾಗಿಲಲ್ಲಿ ನಿಂತು, ಯಾರ ಮನೆಯಿಂದ ಹೊರಟರೂ ಹೇಳುವ ಮಾತನ್ನೇ ತನಗೆ ಬಂದ ಡಚ್ಚಿನಲ್ಲಿ ಹೇಳಿದಳು. ‘ಇಕ್ ಕೊಮ್.’ ಬರ್ತೀನಿ.

ಯೋಪ್‌ನ ಮುಖ ಅರಳಿತು. ಶನಿವಾರವೋ ಎಂದು ಕೇಳಿದ. ಇವತ್ತಿನ ವಾರ ಕೇಳುತ್ತಿದ್ದಾನೆಂದುಕೊಂಡು ಅವಳು ಹೂಂ ಎಂದು ತಲೆ ತೂಗಿದಳು.

ಮುಂದಿನ ನಾಲ್ಕು ದಿನದಲ್ಲಿ ಟಿಲ್‌ಬರ್ಗ್‌ನಲ್ಲೇ ಇನ್ನೊಂದು ಕಂಡಿತು. ಅದೂ ಅದೇ ಜಾತಿಯದು, ಯಾವ ಕೊರತೆಯೂ ಇಲ್ಲದ್ದು. ನಾಳೆ ಹೋಗಿ ತರುವುದೆಂದು ಬುಧವಾರ ಅವಳು ಅಡುಗೆ ಮಾಡುತ್ತಿರುವಾಗ ಯೋಪ್‌ನ ಸಂದೇಶ ಬಂತು. ಉದ್ದ ಡಚ್ಚು. ವೈಷ್ಣವಿಗೆ ಕಳಿಸಿದಳು. ಮಗಳು ಕೂಡಲೇ ಫೋನ್ ಮಾಡಿದಳು.

‘ಅವ್ವಾ, ನೀ ಏನ್ ಹೇಳಿ ಬಂದಿ ಅವ್ರಿಗೆ? ಇನ್ನೊಬ್ರು ಕಸ್ಟಮರ್ ಬಂದಿದ್ರಂತ. ಮೈಸೂರಿನ ಲೇಡಿ ಶನಿವಾರ ಬಂದು ಒಯ್ತೀನಿ ಅಂದಾರ, ಅಫ್‌ಸ್ಪ್ರಾಕ್ ಈಸ್ ಅಫ್‌ಸ್ಪ್ರಾಕ್, ಮಾತಂದ್ರ ಮಾತು ಅಂತ ವಾಪಸ್ ಕಳ್ಸ್ಯಾರ.’

‘ಮೈಸೂರು ಯಾಕ ಬಂತು?’

‘ಇಂಡಿಯಾದಾಗ ಅವ್ರಿಗೆ ಗೊತ್ತಿರೂದು ಅದೊಂದ ಊರಿರಬೇಕು. ಸುದ್ದಿ ಬದಲಿ ಮಾಡಬ್ಯಾಡ.’

‘ನಾ ಎಲ್ಲಿ ಒಯ್ತೀನಂದೆ? ಹೊಂಟಾಗ ಬರ್ತೀನಿ ಅಂದೆ.’

‘ಅಯ್ಯ ಅವ್ವಾ, ಇಲ್ಲಿ ಇಕ್ ಕೊಮ್ ಅಂದ್ರ ಬಂದೇ ಬರಬೇಕು. ಇಕ್ ಖಾ ಅನ್ನಬೇಕಿತ್ತು. ಹೋಗ್ತೀನಿ.’

‘ಹೋಗ್ತೀನಿ ಅಂತ ಯಾರರ ಅಂತಾರೇನವಾ? ಸತ್ತವ್ರ ಮನ್ಯಾಗಿಂದನೂ ಸುಮ್ನ ಎದ್ದು ಬರ್ತಾರ, ಹೋಗ್ತೀನಿ ಅನ್ನೂದಿಲ್ಲ.’

ವೈಷ್ಣವಿ ನಕ್ಕಳು. ‘ಇರ್ಲಿ ಬಿಡು. ಸಾರಿ ಅಂತ ಎರಡು ಲೈನ್ ನಾ ಟೈಪ್ ಮಾಡ್ತೀನಿ. ನೀ ಟಿಲ್‌ಬರ್ಗಿಂದು ತಗೋ. ಮತ್ತ ಅವ್ರ ಮುಖ ನೋಡಬೇಕಾಗಿಲ್ಲ.’

ಗುರುಬಸವ್ವ ಒಲೆ ಆರಿಸಿ ಕೂತಳು. ಅವಳಿಗೆ ಕೊಳ್ಳಲಾಗುವುದು ಒಂದೇ ಗಿಟಾರು. ಸದ್ದು ಸತ್ತದ್ದನ್ನು ತಂದರೆ ಇನ್ನೊಂದು ತರುವ ಮಾತಿಲ್ಲ, ಹಾಡೂ ಅಲ್ಲಿಗೆ ನಿಂತಂತೆ. ಆದರೆ ತನ್ನ ಒಂದು ಮಾತು ನಂಬಿ ಆ ಮುದುಕ ಬಂದ ಗಿರಾಕಿಯನ್ನು ವಾಪಸ್ ಕಳಿಸಿದ್ದಾನೆ. ತಾಟು ಬಿಟ್ಟೆದ್ದ ಕಲ್ಲಪ್ಪ ನೆನಪಾದ. ರಾತ್ರಿ ಊಟಕ್ಕೆ ಕೂತ ರವಿಶಂಕರ ಎಲ್ಲ ಕೇಳಿಸಿಕೊಂಡು, ‘ನನಗೂ ಮದುವೀ ಮುಂಚೆ ಹಿಂಗ ಬರ್ತೀನಿ ಅಂದಿದ್ದಿ ಅಲ್ಲ, ಅದೂ ತಪ್ಪಿ ಬಂದ ಮಾತೇನು?’ ಎಂದ. ಅವಳು ಇನ್ನೊಂದು ರೊಟ್ಟಿ ತಾಟಿಗೆ ಎಸೆದು ಅವನ ಬಾಯಿ ಮುಚ್ಚಿಸಿದಳು. ‘ಟೈಪ್ ಮಾಡಿ ಹೇಳೂ ಮಾತಲ್ಲ ಇದು. ಹೋಗಿ ಹೇಳ್ತೀನಿ.’

ಶನಿವಾರ ಅದೇ ಕುರ್ಚಿ, ಅದೇ ಕಾಫಿ. ಗಿಟಾರನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬಾಗಿಲ ಬಳಿ ನಿಲ್ಲಿಸಿದ್ದ ಯೋಪ್. ಅದನ್ನು ನೋಡಿ ಅವಳು ಕಾಫಿ ಲೋಟ ಕೆಳಗಿಟ್ಟಳು. ಇನ್ನು ಮುಂದೆ ಅವಳಾಡಿದ್ದು ಡಚ್ಚೇ. ಆದರೆ ಅದು ಎಷ್ಟು ಮುರುಕಲಾಗಿದ್ದರೂ ಅವಳ ಮನಸ್ಸಿನಲ್ಲಿ ಇದ್ದದ್ದು ಹೀಗೆ: ‘ಯಜಮಾನ್ರ, ತಪ್ಪು ನಂದು. ನಮ್ಮ ಕಡೆ ಹೊಂಟಾಗ ಬರ್ತೀನಿ ಅಂತಾರ್ರಿ. ಅದು ಹೋಗೋ ಮಾತು, ಒಯ್ಯೋ ಮಾತಲ್ಲ.’

ಯೋಪ್ ಅದನ್ನು ಎರಡು ಸಲ ಕೇಳಿ ತಿಳಿದುಕೊಂಡ. ‘ಹಾಗಾದ್ರೆ ನಿಮ್ಮೂರಲ್ಲಿ ನಿಜವಾಗ್ಲೂ ಬರೋರು ಏನು ಹೇಳ್ತಾರಮ್ಮಾ?’

‘ಅವ್ರೂ ಬರ್ತೀನಿ ಅಂತಾರ.’

ಮುದುಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ಇಳಿದ ಮೇಲೆ ಕೇಳಿದ, ‘ಗಿಟಾರು ಯಾಕೆ ಬೇಡವಾಯ್ತು?’

ಅವಳು ಪೆಟ್ಟಿಗೆ ತೆಗೆದು, ಅವನ ಕೈ ಹಿಡಿದು, ಅವನ ಗೆಣ್ಣಿನಿಂದಲೇ ಎರಡೂ ಪಕ್ಕೆ ಕುಟ್ಟಿಸಿದಳು. ಯೋಪ್ ಬಗ್ಗಿ ಕಿವಿಯಿಟ್ಟ. ಮೂವತ್ತು ವರ್ಷ ವೈರು ಚುಚ್ಚಿಯೇ ಬಾರಿಸಿದವನಿಗೆ ಅದರ ಬರಿ ಮೈಯ ದನಿ ಗೊತ್ತೇ ಇರಲಿಲ್ಲ. ಸೀಳುಕಿಂಡಿಯಲ್ಲಿ ಸಣ್ಣ ಕನ್ನಡಿ ಇಳಿಸಿ, ಫೋನಿನ ಬೆಳಕು ಬಿಟ್ಟು ಇಬ್ಬರೂ ನೋಡಿದರು. ಒಳಗೆ ಆಸರೆಗೆ ಅಂಟಿಸಿದ ಮರದ ಪಟ್ಟಿಯೊಂದು ಒಂದು ತುದಿಯಲ್ಲಿ ಎದ್ದಿತ್ತು. ಮರ ಸೀಳಿರಲಿಲ್ಲ.

ಎದ್ದ ಪಟ್ಟಿ ಕಂಡದ್ದೇ ಗುರುಬಸವ್ವನ ಕಣ್ಣಿಗೆ ಅಪ್ಪನ ಅಂಚೆ ಚೀಲ ಕಟ್ಟಿತು. ಕಿಂಡಿಯಿಂದ ದಾರ ಇಳಿಸುವುದು, ಬಿದಿರು ಕಡ್ಡಿಯಿಂದ ಅಂಟು ಸವರುವುದು, ಎಳೆದು ಕಟ್ಟಿ ಒಂದು ದಿನ ಮುಟ್ಟದೆ ಬಿಡುವುದು. ಈ ಕೆಲಸ ಅವಳ ಕೈಗೆ ಗೊತ್ತಿತ್ತು. ಮೂರು ತಂತಿ ತಿರುವಿ ತನ್ನ ಶ್ರುತಿಗೆ ತಂದಳು, ಮೀಟಿದಳು, ಅಜ್ಜನ ಒಂದು ಪದದ ಮೊದಲ ಸೊಲ್ಲು ಎತ್ತಿದಳು. ಎಂಟು ತಿಂಗಳ ಮೇಲೆ ಬಂದ ದನಿ, ಮೊದಲು ಒಡೆದು ಆಮೇಲೆ ನೆಟ್ಟಗಾಯಿತು. ಗಿಟಾರಿನ ಒಳ್ಳೆಯ ಪಕ್ಕೆ ಅವಳ ಹೊಟ್ಟೆಗೆ ಒತ್ತಿಕೊಂಡು, ಅವಳು ಹಾಡಿದ್ದಕ್ಕೆ ಗುಂಯ್ ಎಂದು ಓಗೊಟ್ಟಿತು. ಸತ್ತ ಪಕ್ಕೆಯೂ ಬದುಕಿದರೆ ಹೇಗಿದ್ದೀತು ಎಂದು ಅವಳಿಗೆ ಕೇಳಿಸಿಯೇ ಬಿಟ್ಟಿತು.

‘ಒಯ್ತೀನ್ರಿ,’ ಎಂದಳು.

ಯೋಪ್ ರಿಪೇರಿ ತಾನೇ ಮಾಡಿಸಿ ಕೊಡುತ್ತೇನೆಂದ. ಬೇಡ, ತಾನೇ ಮಾಡಿಕೊಳ್ಳುತ್ತೇನೆ ಎಂದಳು ಅವಳು. ಮುದುಕ ಕೋಟು ಹಾಕಿ, ಕಾರಿನ ಕೀಲಿ ತೆಗೆದು, ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದ. ಪೆಟ್ಟಿಗೆ ಭಾರ, ನಿಮ್ಮ ಹೆಗಲು ಬೇರೆ ಹಾಗಿದೆ, ಸ್ಟೇಷನ್ನಿನ ತನಕವಾದರೂ ಬಿಟ್ಟು ಬರುತ್ತೇನೆ ಎಂದ. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಗುರುಬಸವ್ವ ಅವನ ಕೈಯನ್ನು ಮೆಲ್ಲಗೆ ಹಿಡಿಕೆಯಿಂದ ಬಿಡಿಸಿದಳು.

‘ಬ್ಯಾಡ್ರಿ ಯಜಮಾನ್ರ. ಕಾರೂ ಬ್ಯಾಡ, ನಿಮ್ಮ ಕೈಯೂ ಬ್ಯಾಡ. ಮೊದಲ ಸಲ ಮನಿಗೆ ಬರೂ ವಾದ್ಯ ನಮ್ಮ ಮಂದಿ ಹೆಗಲ ಮ್ಯಾಲೆ ತರ್ತಾರ. ಒಂದು ಹೆಗಲು ಮುರದೈತಿ ಖರೆ, ಇನ್ನೊಂದು ಗಟ್ಟಿ ಐತಿ.’