ತಕರಾರು ಸಾಹೇಬರು ಕೇಳುತ್ತಿದ್ದ ಒಂದೇ ಮಾತು

ನಾನು ಮೊದಲು ನೋಡಿದ್ದು ಅವರ ಕಾಲುಗಳನ್ನು. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಚಪ್ಪಲಿ ಎರಡನ್ನೂ ಎಡಗೈಯಲ್ಲಿ ಹಿಡಿದು, ನಮ್ಮ ಓಣಿಯ ರಾಡಿಯೊಳಗೆ ನಿಂತಿದ್ದರು. ಬಿಸಿಲು ಕಾಣದೆ ಬಿಳಚಿಕೊಂಡ ಸಣಕಲು ಕಾಲುಗಳು. ಓಣಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕೆವು. ಊರಿಗೆ ಬರುವ ಅಧಿಕಾರಿಗಳು ಪಂಚಾಯಿತಿ ಆಫೀಸಿನ ಫ್ಯಾನಿನ ಕೆಳಗೆ ಕೂತು ಚಹಾ ಕುಡಿದು ಹೋಗುವುದಷ್ಟೇ ನಮಗೆ ಗೊತ್ತಿತ್ತು.

ಪಂಚಾಯಿತಿಗಳ ಮೇಲೆ ಜನ ಕೊಡುವ ದೂರು ಕೇಳಲು ಸರ್ಕಾರ ಜಿಲ್ಲೆಗೆ ನೇಮಿಸಿದ ಓಂಬುಡ್ಸ್‌ಮನ್ ಅವರು. ಆ ಹೆಸರಿಗೆ ನಮ್ಮ ನಾಲಿಗೆ ಹೊರಳಲಿಲ್ಲ. ತಕರಾರು ಸಾಹೇಬರು ಅಂದೆವು, ಅದೇ ನಿಂತಿತು. ಜೇವರ್ಗಿಯವರು, ಕೋರ್ಟಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಮನೆಯಲ್ಲಿ ಉರ್ದು, ಊರೂರು ತಿರುಗಿ ಜಗಳ ಬಿಡಿಸುವುದು ಕನ್ನಡದಲ್ಲಿ.

ತಕರಾರು ಕೊಟ್ಟವಳು ನಾನೇ. ಜಿಡಗಾ ದಾರಿಯಲ್ಲಿರುವ ಈ ಊರಿಗೆ ಚೌಡಾಪುರದಿಂದ ಸೊಸೆಯಾಗಿ ಬಂದವಳು. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತೇನೆ. ನಮ್ಮ ಓಣಿಗೆ ನೀರಿನ ಪೈಪು ಹಾಕಿ ಆಯಿತೆಂದು ಪಂಚಾಯಿತಿ ಬಿಲ್ಲು ಎತ್ತಿತ್ತು. ನಾವು ಮಾತ್ರ ಊರಾಚೆಯ ಬಾವಿಯಿಂದಲೇ ನೀರು ಹೊರುತ್ತಿದ್ದೆವು. ಕೊಡ ಹೊತ್ತು ಹೊತ್ತು ಕುತ್ತಿಗೆ ಹಿಡಿದು, ಮಷಿನ್ ಮೇಲೆ ಬಗ್ಗಿದರೆ ಕಣ್ಣಿಗೆ ಕತ್ತಲು ಬರುತ್ತಿತ್ತು. ಸಿಟ್ಟು ನೆತ್ತಿಗೇರಿದ ದಿನ ಆಳಂದಕ್ಕೆ ಹೋಗಿ ಅರ್ಜಿ ಬರೆಸಿ ಕಳಿಸಿದೆ.

ವಿಚಾರಣೆಯ ಹಿಂದಿನ ದಿನ ಪಂಚಾಯಿತಿ ಅಧ್ಯಕ್ಷರ ತಾಯಿ ಹೇಳಿ ಕಳಿಸಿದರು. ಊರೆಲ್ಲ ಅವರನ್ನು ಗೌಡ್ತಿ ಅನ್ನುತ್ತದೆ. ಹೋದೆ. ಮಣೆ ಹಾಕಿ ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ ಹಾಕಿ ಉಡಿ ತುಂಬಿದರು.

"ನಿನಗ ಅವ್ವ ಇಲ್ಲಂತ ಕೇಳೀನಿ. ಇವತ್ತಿನಿಂದ ಇದೇ ನಿನ್ನ ತವರ್ಮನಿ ಅಂತ ತಿಳ್ಕೊ ಬೇ" ಅಂದರು.

ತಕರಾರಿನ ಮಾತು ಎತ್ತಲೇ ಇಲ್ಲ. ಎತ್ತುವ ಅಗತ್ಯವಾದರೂ ಏನಿತ್ತು? ಉಡಿ ತುಂಬಿಸಿಕೊಂಡ ಮನೆಯ ಮೇಲೆ ದೂರು ಹೇಳುವ ಹೆಣ್ಣು ನಮ್ಮ ಕಡೆ ಇಲ್ಲ. ಇದು ಉಪಾಯವೆಂದು ನನಗೆ ಗೊತ್ತಾಗದೆ ಇರಲಿಲ್ಲ. ಆದರೆ ಅವ್ವ ಸತ್ತ ಮೇಲೆ ನನ್ನ ಉಡಿಗೆ ಯಾರೂ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ದಾರಿಯುದ್ದಕ್ಕೂ ಅತ್ತುಕೊಂಡೇ ಮನೆಗೆ ಬಂದೆ.

ಮರುದಿನ ಸಾಹೇಬರು ಓಣಿಯ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದರು. "ನಂದೇನೂ ತಕರಾರಿಲ್ರಿ" ಅಂದೆ. ಯಾಕೆಂದು ಕೇಳಿದರು. ತಲೆ ತಗ್ಗಿಸಿ ಉಡಿಯ ಸಂಗತಿ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಅಧ್ಯಕ್ಷರು ಮೀಸೆಯಡಿ ನಕ್ಕರು.

ಸಾಹೇಬರು ಗದರಲಿಲ್ಲ. "ಉಡಿ ತುಂಬ್ಯಾರ ಅಂದ್ರ ನೀ ಆ ಮನಿ ಮಗಳಾದಿ. ಮಗಳು ತವರಾಗ ಕೇಳ್ದೆ ಮತ್ತೆಲ್ಲಿ ಕೇಳ್ತಾಳ? ನಿನ್ನ ಹಕ್ಕು ಹೆಚ್ಚಾಗ್ಯಾದ ಬೇಟಿ, ಕಮ್ಮಿ ಆಗಿಲ್ಲ" ಅಂದರು.

ಅಷ್ಟು ಸಾಕಾಯಿತು ನನಗೆ.

ಅವರ ವಿಚಾರಣೆಯ ರೀತಿಯೇ ಬೇರೆ. ದೂರು ಕೊಟ್ಟವರು ಮೊದಲು ಪಂಚಾಯಿತಿಯ ಪರವಾಗಿ ಮಾತಾಡಬೇಕು, ಪಂಚಾಯಿತಿಯವರು ದೂರು ಕೊಟ್ಟವರ ಪರವಾಗಿ. ಎದುರಿನವರ ತ್ರಾಸು ಬಾಯಿಬಿಟ್ಟು ಹೇಳದೆ ತಮ್ಮದನ್ನು ಹೇಳುವಂತಿಲ್ಲ. "ಊರು ದೊಡ್ಡದದ್ರಿ, ಎಲ್ಲಾರೂ ನಮ್ಮ ಓಣಿ ಮೊದಲು ಅಂತಾರ, ಅಧ್ಯಕ್ಷರು ಯಾರ್ ಯಾರ ಬಾಯಿ ಮುಚ್ಚಸಬೇಕ್ರಿ" ಎಂದು ನಾನು ಹೇಳಿ ಮುಗಿಸಿದೆ. ಅಧ್ಯಕ್ಷರ ಸರದಿ ಬಂತು.

"ಈ ಹೆಣ್ಮಗಳು ದಿನಾ ನಸುಕಿನಾಗ ಎದ್ದು ಬಾವಿಗೆ ಹೋಗ್ತಾಳ್ರಿ. ಭಾಳ ದೂರ ಅದ."

"ಅಷ್ಟು ದೂರ ಯಾಕ ಹೋಗ್ತಾಳ?"

"ಓಣ್ಯಾಗ ನಳ ಇಲ್ಲಲ್ರಿ, ಅದಕ್ಕ."

ಅಂದವರೇ ನಾಲಿಗೆ ಕಚ್ಚಿಕೊಂಡರು. ಕೂಡಿದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೊಬ್ಬರೇ ನಗಲಿಲ್ಲ. ಗುದ್ದಲಿ ತರಿಸಿ, ಪೈಪು ಇದೆಯೆಂದು ಹೇಳಿದ ಕಡೆಯಲ್ಲೆಲ್ಲ ಅಗೆಸಿ ನೋಡಿದರು. ಕಲ್ಲುಮಣ್ಣು ಬಿಟ್ಟರೆ ಏನೂ ಸಿಗಲಿಲ್ಲ. ವರದಿ ಮೇಲೆ ಹೋಯಿತು. ಓಣಿಗೆ ನೀರು ಬಂತು, ಗೌಡ್ತಿಯ ಮಗನ ಅಧ್ಯಕ್ಷಗಿರಿ ಹೋಯಿತು.

ಮೊದಲ ದಿನ ನಳದ ಕೆಳಗೆ ಕೊಡ ಇಟ್ಟಾಗ ಓಣಿಯವರೆಲ್ಲ ನನ್ನನ್ನು ಹೊಗಳಿದರು. ನನ್ನ ಕಣ್ಣು ಮಾತ್ರ ಬೀದಿಯ ತುದಿಯ ಗೌಡರ ಮನೆಯ ಕಡೆಗೇ ಇತ್ತು. ಸಾಹೇಬರು ಹೇಳಿದ್ದು ಖರೆ, ನನಗೆ ಹಕ್ಕಿತ್ತು. ಆದರೂ ಉಂಡ ಮನೆಗೆ ಎರಡು ಬಗೆದೆ ಎಂಬ ಅಳುಕು ನನ್ನನ್ನು ಬಿಡಲಿಲ್ಲ. ಗೌಡ್ತಿ ಎದುರು ಕಂಡರೆ ಮುಖದ ಮೇಲೆ ಸೆರಗು ಎಳೆದುಕೊಂಡು ಸಂದಿ ಹಿಡಿಯುತ್ತಿದ್ದೆ.

ಕೆಲವು ತಿಂಗಳ ಮೇಲೆ ಸಾಹೇಬರ ಫೋನ್ ಬಂತು. ನೀರು ಬರುತ್ತಿದೆಯೋ ಎಂದು ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದು ಬೇರೆ.

"ಗೌಡ್ತಿ ಮಾತಾಡ್ಸಿದ್ಳೇನು ಬೇಟಿ?"

"ಇಲ್ರಿ."

"ನೀ?"

"ಯಾವ ಮುಖ ಹೊತ್ತು ಹೋಗ್ಲಿ ಸಾಹೇಬ್ರ."

"ಹುಕುಂ ಬರದ್ರ ನನ್ನ ಕೆಲಸ ಅರ್ಧಾ ಆದಂಗ. ನಾವು ಜೀಪ್ ಹತ್ತಿ ಹೋಗ್ತೇವಿ, ನೀವಿಬ್ರೂ ಅದೇ ಬೀದ್ಯಾಗ ಇರಬೇಕಲ್ಲ" ಅಂದರು. ಆಮೇಲೆ ಅವರ ಅವಧಿ ಮುಗಿಯಿತು, ಜೀಪೂ ಹೋಯಿತು, ಫೋನ್ ನಿಲ್ಲಲಿಲ್ಲ. ಹಬ್ಬಕ್ಕೊಮ್ಮೆ ಮಾಡುವರು. ರಂಜಾನಿಗೂ ಅದೇ ಪ್ರಶ್ನೆ, ದೀಪಾವಳಿಗೂ ಅದೇ ಪ್ರಶ್ನೆ. ನನ್ನದೂ ಅದೇ ಉತ್ತರ. "ಇರ್ಲಿ, ಸಾವಕಾಶ ಆಗ್ತದ" ಎಂದು ಇಡುವರು. ನನಗಿಂತ ಅವರೇ ಹೆಚ್ಚು ನೊಂದಿದ್ದರು ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಅವರಿಗೆ ಆರಾಮಿಲ್ಲವೆಂದು ತಿಳಿದು ಜೇವರ್ಗಿಗೆ ಹೋದೆ. ಹಾಸಿಗೆಗೆ ಅಂಟಿಕೊಂಡಿದ್ದರು. ಅವರ ಹೆಂಡತಿ ದಿಂಬು ಕೊಟ್ಟು ಎಬ್ಬಿಸಿ ಕೂಡಿಸಿದರು. ನನ್ನ ಗುರುತು ಹಿಡಿದ ಕೂಡಲೇ ಕೇಳಿದರು, "ಗೌಡ್ತಿ ಮಾತಾಡ್ಸಿದ್ಳೇನು?"

"ಹೌದ್ರಿ" ಅಂದುಬಿಟ್ಟೆ.

ಕೋರ್ಟಿನ ಮನುಷ್ಯ, ಅಷ್ಟಕ್ಕೆ ಬಿಡುವವರೇ? "ಏನಂದ್ಳು?" ಎಂದರು.

"ಕುಪ್ಪಸ ಹೊಲ್ಕೊಡು ಅಂತ ಮನಿಗೇ ಬಂದಿದ್ರು. ನನ್ನ ಕೈಯಾಗಿನ ಚಹಾ ಕುಡದು ಹೋದ್ರು ನೋಡ್ರಿ."

"ಯಾವ ಬಣ್ಣದ ಕುಪ್ಪಸ?"

"ಹಸರದ್ರಿ. ಅಂಚು ಕೆಂಪಂದು."

ತಡವರಿಸಲಿಲ್ಲ. ಹೊಲಿಗೆಯವಳಿಗೆ ಬಣ್ಣಕ್ಕೇನು ಬರ. ಸಾಹೇಬರು ನಂಬಿದರು. ದಿಂಬಿಗೆ ಒರಗಿ ಕಣ್ಣು ಮುಚ್ಚಿ, "ಈಗ ಆ ಕೇಸ್ ಮುಗೀತು" ಅಂದರು. ಬಸ್ಸಿನಲ್ಲಿ ಊರು ಮುಟ್ಟುವ ತನಕ, ಒಳ್ಳೆಯದಕ್ಕೇ ಹೇಳಿದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ.

ವಾರದೊಳಗೆ ಅವರು ತೀರಿಕೊಂಡ ಸುದ್ದಿ ಬಂತು. ಮಷಿನ್ ಮುಂದೆ ಕೂರಲಾಗಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯುವ ಮೊದಲೇ ಗೌಡರ ಮನೆಯ ಹೊಸ್ತಿಲ ಮುಂದೆ ನಿಂತಿದ್ದೆ. ಗೌಡ್ತಿ ಒಳಗೆ ಜ್ವಾಳ ಹಸನು ಮಾಡುತ್ತ ಕೂತಿದ್ದರು. ಕಣ್ಣು ಮಂಜಾಗಿದ್ದವು. ದನಿಯ ಮೇಲೆ ನನ್ನನ್ನು ಗುರುತು ಹಿಡಿದರು.

"ತಕರಾರು ಸಾಹೇಬ್ರು ಹೋದ್ರಂತ್ರಿ" ಅಂದೆ.

ಮೊರ ಕೆಳಗಿಟ್ಟರು. "ಖರೇ ಮನಿಷ್ಯಾ ಇದ್ದ. ನನ್ನ ಮಗ ಮಾಡಿದ್ದು ತಪ್ಪೇ ಅದ, ಅದಕ್ಕ ನಿನ್ನ ಮ್ಯಾಲ ಸಿಟ್ಟಿಲ್ಲ. ಉಡಿ ತುಂಬಿಸ್ಕೊಂಡು ಹೋದಾಕಿ ಹೊಳ್ಳಿ ಬರಲೇ ಇಲ್ಲಲ್ಲ, ಅದೊಂದ ನನ್ನ ಹೊಟ್ಯಾಗ ಉಳದದ. ತವರಿಗೆ ಬರಾಕ ಮಗಳಿಗೆ ಯಾರಾರ ಹೇಳಿ ಕಳಸಬೇಕೇನ ಬೇ?"

ಅವರ ಕಾಲ ಬಳಿ ಕೂತು ಅತ್ತೆ. ಅಷ್ಟು ವರ್ಷ ನಾಲ್ಕು ಮನೆ ದಾಟಿ ಬರಲು ನನ್ನ ಕಾಲಿಗೆ ಏನಾಗಿತ್ತು? ಒಂದು ವಾರ ಮೊದಲು ಬಂದಿದ್ದರೂ ಸಾಹೇಬರಿಗೆ ನಿಜವನ್ನೇ ಹೇಳಿ ಬರುತ್ತಿದ್ದೆ.

ಈಗ ಗೌಡ್ತಿ ದಿನಾ ಮಾತಾಡಿಸುತ್ತಾರೆ. ಅವರ ಕುಪ್ಪಸವನ್ನೂ ನಾನೇ ಹೊಲಿಯುತ್ತೇನೆ. ಸಾಹೇಬರಿಗೆ ಹೇಳಿದ್ದೆಲ್ಲ ಈಗ ಖರೆಯಾಗಿದೆ. ಹೇಳಿದ ದಿನ ಅದು ಸುಳ್ಳಾಗಿತ್ತು, ಅವರು ಅದನ್ನು ನಂಬಿಕೊಂಡು ಹೋದರು.